ಮ್ಯಾಟ್ ಎಳೆದು ಆಡಿದ ಲೀಗು

ಕರ್ನಾಟಕದ ಲೀಗ್ ಕ್ರಿಕೆಟ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ರಣಜಿ ಟ್ರೋಫಿಗಳ ಪಟ್ಟಿಯಿಂದ ಶುರು ಮಾಡಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮುಗಿಸುತ್ತಾರೆ. ಆ ಪಟ್ಟಿ ಎಲ್ಲರಿಗೂ ಬಾಯಿಪಾಠ. ಆದರೆ ಆ ಆಟಗಾರರ ಕಾಲ ಕೆಳಗೆ ಹಾಸಿದ್ದ ವಸ್ತುವಿನ ಮಾತು ಬರುವುದೇ ಕಡಿಮೆ. ಅದು ತೆಂಗಿನ ನಾರಿನ ಮ್ಯಾಟ್. ದಶಕಗಟ್ಟಲೆ ಬೆಂಗಳೂರಿನಲ್ಲೂ ಜಿಲ್ಲೆಗಳಲ್ಲೂ ಲೀಗ್ ಪಂದ್ಯ ಅಂದರೆ ಬೆಳಿಗ್ಗೆ ಮ್ಯಾಟ್ ಹೊತ್ತು ತಂದು, ಎಳೆದು, ಮೊಳೆ ಹೊಡೆದು ಆಡುವ ಪಂದ್ಯ. ಟಾಸ್ ಯಾರು ಗೆದ್ದರು ಅನ್ನುವುದಕ್ಕಿಂತ ಮ್ಯಾಟ್ ಯಾರು ಎಳೆದರು, ಹೇಗೆ ಎಳೆದರು ಅನ್ನುವುದೇ ಎಷ್ಟೋ ಸಲ ಫಲಿತಾಂಶ ತೀರ್ಮಾನಿಸುತ್ತಿತ್ತು. ಈಗಲೂ ಕಾಲೇಜು ಮೈದಾನಗಳಲ್ಲಿ, ತಾಲ್ಲೂಕು ಟೂರ್ನಿಗಳಲ್ಲಿ ಮ್ಯಾಟ್ ಕಾಣುತ್ತದೆ. ಅದನ್ನು ಸರಿಯಾಗಿ ಹಾಸಬಲ್ಲವರು ಮಾತ್ರ ಕಡಿಮೆಯಾಗುತ್ತಿದ್ದಾರೆ.

ಮ್ಯಾಟೇ ಯಾಕೆ ಅಂದರೆ ಉತ್ತರ ಸರಳ: ಹುಲ್ಲಿನ ಪಿಚ್ ಸಾಕುವುದು ಆನೆ ಸಾಕಿದಂತೆ. ಅದಕ್ಕೆ ಜೇಡಿಮಣ್ಣು ಬೇಕು, ದಿನವೂ ನೀರು ಬೇಕು, ಭಾರದ ರೋಲರ್ ಬೇಕು, ಆಳು ಬೇಕು. ಒಂದು ಪಟ್ಟಿಯ ಮೇಲೆ ಪಂದ್ಯ ಆಡಿದರೆ ಅದಕ್ಕೆ ವಾರಗಟ್ಟಲೆ ವಿಶ್ರಾಂತಿ ಕೊಡಬೇಕು. ಶಾಲೆಯ ಮಕ್ಕಳು ಓಡುವ, ದನ ಮೇಯುವ, ಸಂಜೆ ಫುಟ್‌ಬಾಲ್ ನಡೆಯುವ ಸಾರ್ವಜನಿಕ ಮೈದಾನದಲ್ಲಿ ಇದಾವುದೂ ನಡೆಯುವ ಮಾತಲ್ಲ. ಗಟ್ಟಿ ನೆಲ ಒಂದಿದ್ದರೆ ಅದೇ ಪಟ್ಟಿಯ ಮೇಲೆ ವಾರವಾರವೂ ಮ್ಯಾಟ್ ಹಾಸಿ ಆಡಬಹುದು, ಸಂಜೆ ಸುತ್ತಿ ಎತ್ತಿಟ್ಟರೆ ಮೈದಾನ ಮತ್ತೆ ಊರಿನದು. ಬಡ ಕ್ಲಬ್ಬುಗಳಿಗೆ ಲೀಗಿನ ಬಾಗಿಲು ತೆರೆದದ್ದು ಈ ಅನುಕೂಲವೇ.

ಸಂಸ್ಥೆಯ ಚರಿತ್ರೆ ಚಿಕ್ಕದಾಗಿ ಹೇಳುತ್ತೇನೆ. ಮೈಸೂರು ರಾಜ್ಯದ ಕ್ರಿಕೆಟ್ ಸಂಸ್ಥೆ ಹುಟ್ಟಿದ್ದು 1933ರಲ್ಲಿ. ಮರುವರ್ಷ, 1934ರ ನವೆಂಬರ್ 4ರಂದು, ಮುಂದೆ ರಣಜಿ ಟ್ರೋಫಿ ಎನಿಸಿಕೊಂಡ ಟೂರ್ನಿಯ ಮೊಟ್ಟಮೊದಲ ಪಂದ್ಯದಲ್ಲಿ ಮೈಸೂರು ತಂಡ ಚೆಪಾಕ್‌ನಲ್ಲಿ ಮದ್ರಾಸಿನ ಎದುರು ಇಳಿಯಿತು. ಪಂದ್ಯ ಒಂದೇ ದಿನದಲ್ಲಿ ಮುಗಿಯಿತು. ಮೈಸೂರು 48 ಮತ್ತು 59, ಮದ್ರಾಸ್ 130. ಎ.ಜಿ. ರಾಮ್ ಸಿಂಗ್ ಒಬ್ಬರೇ 11 ವಿಕೆಟ್ ಕಿತ್ತರು. ಇಷ್ಟು ಕೆಟ್ಟ ಆರಂಭದಿಂದ ಏಳೇ ವರ್ಷದಲ್ಲಿ, 1941–42ರ ಋತುವಿನಲ್ಲಿ, ಮೈಸೂರು ಫೈನಲ್ ತಲುಪಿತು. ಅಲ್ಲಿ ಬಾಂಬೆ ಎದುರು ಸೋತಿತು. 1959–60ರಲ್ಲಿ ಮತ್ತೆ ಫೈನಲ್, ಮತ್ತೆ ಬಾಂಬೆ, ಮತ್ತೆ ಸೋಲು.

ನಡುವೆ 1956ರ ನವೆಂಬರ್ 1ರ ಏಕೀಕರಣ ಬಂತು. ಕ್ರಿಕೆಟ್ ಮಟ್ಟಿಗೆ ಇದರ ಮಹತ್ವವನ್ನು ಯಾರೂ ಸರಿಯಾಗಿ ಅಳೆದಿಲ್ಲ ಅಂತ ನನ್ನ ಅಭಿಪ್ರಾಯ. ಅಲ್ಲಿಯವರೆಗೆ ಧಾರವಾಡ, ಬೆಳಗಾವಿಯ ಹುಡುಗರು ಮುಂಬಯಿ ಕಡೆ ನೋಡುತ್ತಿದ್ದರು, ಮಂಗಳೂರಿನವರು ಮದ್ರಾಸ್ ಕಡೆ, ರಾಯಚೂರು–ಕಲಬುರಗಿಯವರು ಹೈದರಾಬಾದ್ ಕಡೆ. ಒಂದಾದ ರಾಜ್ಯದಲ್ಲಿ ಇವರೆಲ್ಲ ಒಂದೇ ಲೀಗ್ ವ್ಯವಸ್ಥೆಯೊಳಗೆ ಬರಬೇಕಾಯಿತು. ಇಂದಿನ ಕೆಎಸ್‌ಸಿಎ (ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ) ವಲಯಗಳ ನಕ್ಷೆ ನೋಡಿದರೆ ಹಳೆಯ ಗಡಿಗಳ ಗುರುತು ಇನ್ನೂ ಕಾಣುತ್ತದೆ: ಬೆಂಗಳೂರು, ಮೈಸೂರು, ತುಮಕೂರು, ಶಿವಮೊಗ್ಗ, ಧಾರವಾಡ, ರಾಯಚೂರು, ಮಂಗಳೂರು. ಪ್ರತಿ ವಲಯಕ್ಕೂ ತನ್ನದೇ ಡಿವಿಷನ್‌ಗಳು, ಕ್ಲಬ್ಬುಗಳ ನಡುವೆ ಲೀಗು, ಅದರಿಂದ ವಲಯ ತಂಡ, ವಲಯ ತಂಡಗಳ ನಡುವೆ ಪಂದ್ಯಾವಳಿ, ಅಲ್ಲಿಂದ ರಾಜ್ಯದ ಆಯ್ಕೆಗಾರರ ಕಣ್ಣಿಗೆ. ಭದ್ರಾವತಿಯ ಜಿ.ಆರ್. ವಿಶ್ವನಾಥ್, ಗದಗದ ಸುನಿಲ್ ಜೋಶಿ, ದಾವಣಗೆರೆಯ ವಿನಯ್ ಕುಮಾರ್ ಇವರೆಲ್ಲ ರಾಜಧಾನಿಯ ಹೊರಗಿನ ಊರುಗಳಲ್ಲಿ ಹುಟ್ಟಿದವರು.

1973ರಲ್ಲಿ ರಾಜ್ಯದ ಹೆಸರಿನ ಜೊತೆ ಸಂಸ್ಥೆಯ ಹೆಸರೂ ಕರ್ನಾಟಕವಾಯಿತು. ಹೊಸ ಹೆಸರಿನ ಮೊದಲ ಋತುವಿನಲ್ಲೇ, 1973–74ರಲ್ಲಿ, ರಣಜಿ ಟ್ರೋಫಿಯೂ ಬಂತು. ಹದಿನೈದು ವರ್ಷ ಸತತವಾಗಿ ಗೆದ್ದಿದ್ದ ಬಾಂಬೆಯನ್ನು ಬೆಂಗಳೂರಿನ ಸೆಮಿಫೈನಲ್‌ನಲ್ಲಿ ತಡೆದದ್ದು, ಆಫ್ ಸ್ಪಿನ್ನರ್ ಪ್ರಸನ್ನ ಗಾವಸ್ಕರರನ್ನು ಬೌಲ್ಡ್ ಮಾಡಿದ್ದು, ಇವನ್ನು ಹಿರಿಯರು ಇನ್ನೂ ನಿನ್ನೆ ನಡೆದಂತೆ ಹೇಳುತ್ತಾರೆ.

ಈಗ ನೆಲಕ್ಕೆ ಬರೋಣ.

ಹುಲ್ಲಿನ ಪಿಚ್ ಮೇಲೆ ಚೆಂಡು ಬಿದ್ದಾಗ ಸ್ವಲ್ಪ ಜಾರುತ್ತದೆ. ನಾರಿನ ಮ್ಯಾಟ್ ಮೇಲೆ ಜಾರುವುದಿಲ್ಲ, ಹಿಡಿಯುತ್ತದೆ. ಒರಟು ನಾರಿಗೆ ಸೀಮ್ (ಚೆಂಡಿನ ಹೊಲಿಗೆ) ಸಿಕ್ಕಿದ ಕ್ಷಣ ಚೆಂಡು ತಾನು ತಿರುಗುತ್ತಿದ್ದ ಕಡೆಗೇ ಒದೆಯುತ್ತದೆ. ಜೊತೆಗೆ ಕೆಳಗಿನ ನೆಲ ಗಟ್ಟಿಯಾಗಿದ್ದರೆ ಎತ್ತರಕ್ಕೂ ಏಳುತ್ತದೆ. ಹೀಗಾಗಿ ಮ್ಯಾಟ್ ಮೇಲೆ ಬರೀ ವೇಗಕ್ಕೆ ಅಷ್ಟು ಬೆಲೆಯಿಲ್ಲ. ಬೆಲೆ ಇರುವುದು ಬೆರಳಿಗೆ ಮತ್ತು ಮಣಿಕಟ್ಟಿಗೆ. ಕಟರ್ (ಬೆರಳಿಂದ ಕತ್ತರಿಸಿದಂತೆ ತಿರುಗಿಸಿ ಬಿಡುವ ವೇಗದ ಚೆಂಡು) ಹಾಕುವವನು, ಸೀಮ್ ನೆಟ್ಟಗೆ ಇಳಿಸುವವನು, ಜೋರಾಗಿ ಟಾಪ್ ಸ್ಪಿನ್ ಕೊಡುವವನು ಇಲ್ಲಿ ರಾಜ. 1913–14ರಲ್ಲಿ ದಕ್ಷಿಣ ಆಫ್ರಿಕದ ಮ್ಯಾಟ್‌ಗಳ ಮೇಲೆ ಇಂಗ್ಲೆಂಡಿನ ಬೌಲರ್ ಸಿಡ್ನಿ ಬಾರ್ನ್ಸ್ ನಾಲ್ಕೇ ಟೆಸ್ಟ್‌ಗಳಲ್ಲಿ 49 ವಿಕೆಟ್ ತೆಗೆದರು. 1952ರಲ್ಲಿ ಲಖನೌನ ಮ್ಯಾಟ್ ಮೇಲೆ ಪಾಕಿಸ್ತಾನದ ಬೌಲರ್ ಫಜಲ್ ಮಹಮೂದ್ ಭಾರತದ 12 ವಿಕೆಟ್‌ಗಳನ್ನು 94 ರನ್ನಿಗೆ ಉರುಳಿಸಿದರು. ಅದು ಸೆಣಬಿನ ಮ್ಯಾಟ್, ತೆಂಗಿನ ನಾರಿನದಲ್ಲ. ಸೆಣಬು ಮೃದು, ಚೆಂಡು ಸ್ವಲ್ಪ ತಡೆದು ಬರುತ್ತದೆ. ತೆಂಗಿನ ನಾರು ಗಡಸು, ಚೆಂಡು ಚಿಮ್ಮಿ ಬರುತ್ತದೆ. ಎರಡನ್ನೂ 'ಮ್ಯಾಟಿಂಗ್' ಅಂತ ಒಂದೇ ಹೆಸರಲ್ಲಿ ಕರೆಯುವುದರಿಂದ ಗೊಂದಲವಾಗುತ್ತದೆ.

ಬೆಂಗಳೂರಿನ ಸಿಟಿ ಕ್ರಿಕೆಟರ್ಸ್ ಕ್ಲಬ್ಬಿನಲ್ಲಿ ಆಡಿದ ಬಿ.ಎಸ್. ಚಂದ್ರಶೇಖರ್, ಯಂಗ್ ಕ್ರಿಕೆಟರ್ಸ್ ಕ್ಲಬ್ಬಿನಲ್ಲಿ ಆಡಿದ ಅನಿಲ್ ಕುಂಬ್ಳೆ, ಇಬ್ಬರ ಬೌಲಿಂಗಿನಲ್ಲೂ ಒಂದು ಸಾಮ್ಯ ಇದೆ: ಲೆಗ್ ಸ್ಪಿನ್ನರುಗಳಿಗೆ ಅಪರೂಪವಾದ ವೇಗ, ತಿರುವಿಗಿಂತ ಪುಟಿತದ ಮೇಲೆ ಭರವಸೆ. ಒಬ್ಬರಿಗೆ 242 ಟೆಸ್ಟ್ ವಿಕೆಟ್, ಇನ್ನೊಬ್ಬರಿಗೆ 619. ಇದು ಬರೀ ಕಾಕತಾಳೀಯ ಅಂತ ನನಗೆ ಅನಿಸುವುದಿಲ್ಲ. ಚೆಂಡು ತಾನಾಗಿ ಏಳುವ ನೆಲದಲ್ಲಿ ಬೆಳೆದವನಿಗೆ ಗಾಳಿಯಲ್ಲಿ ತೇಲಿಸಿ ಬಿಡುವ ಅಗತ್ಯ ಕಡಿಮೆ. ವೇಗವಾಗಿ, ಮೇಲಿಂದ ಕುಕ್ಕಿದರೆ ಸಾಕು, ಉಳಿದದ್ದನ್ನು ನಾರು ನೋಡಿಕೊಳ್ಳುತ್ತದೆ. ಪ್ರಸನ್ನ ಇದಕ್ಕೆ ಅಪವಾದ, ಅವರದು ಪೂರ್ತಿ ಗಾಳಿಯ ಆಟ. ಅಪವಾದ ಇದ್ದೇ ಇರುತ್ತದೆ.

ಬ್ಯಾಟ್ಸ್‌ಮನ್ ಕಡೆಯ ಕಥೆ ಇನ್ನೊಂದು. ಮ್ಯಾಟ್ ಮೇಲೆ ಚೆಂಡು ಏಳುವುದು ಎತ್ತರಕ್ಕೆ, ಆದರೆ ಹೆಚ್ಚೂಕಡಿಮೆ ಒಂದೇ ಎತ್ತರಕ್ಕೆ. ಗಟ್ಟಿ ನೆಲದ ಮೇಲೆ ಚೆನ್ನಾಗಿ ಎಳೆದ ಮ್ಯಾಟ್‌ನಲ್ಲಿ ಚೆಂಡು ನೆಲ ಕಚ್ಚಿ ಬರುವುದೇ ಇಲ್ಲ. ಆದ್ದರಿಂದ ಹಿಂಗಾಲಿಗೆ ಸರಿದು ಕಟ್ ಮಾಡುವುದು, ಪುಲ್ ಮಾಡುವುದು ಇಲ್ಲಿ ಸುರಕ್ಷಿತ ಹೊಡೆತ. ಹುಲ್ಲಿನ ಪಿಚ್‌ನಲ್ಲಿ ಕಲಿತವನು ಮುಂಗಾಲು ಚಾಚಿ ಡ್ರೈವ್‌ಗೆ ಹೋದರೆ ಚೆಂಡು ಬ್ಯಾಟಿನ ಮೇಲ್ಭಾಗಕ್ಕೋ ಗ್ಲೌಸಿಗೋ ತಗುಲಿ ಸ್ಲಿಪ್‌ನತ್ತ ಹಾರುತ್ತದೆ. ವಿಶ್ವನಾಥರ ಸ್ಕ್ವೇರ್ ಕಟ್ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಆ ಹೊಡೆತಕ್ಕೆ ಬೇಕಾದ ಪುಟಿತ ಈ ಭಾಗದ ನೆಲದಲ್ಲಿತ್ತು ಅನ್ನುವುದನ್ನೂ ಅದರ ಜೊತೆಗೇ ಹೇಳಬೇಕು. ಮ್ಯಾಟಿನ ಕೆಟ್ಟ ಪಾಠವೂ ಇದೇ. ಎಲ್‌ಬಿಡಬ್ಲ್ಯು ಭಯವೇ ಇಲ್ಲದೆ ಬೆಳೆದವನು ಟರ್ಫ್‌ಗೆ, ಅಂದರೆ ಹುಲ್ಲಿನ ಪಿಚ್‌ಗೆ, ಹೋದ ಮೊದಲ ವರ್ಷ ತಗ್ಗಿ ಬರುವ ಚೆಂಡಿಗೆ ಪ್ಯಾಡ್ ಕೊಟ್ಟು ಕೊಟ್ಟು ಔಟಾಗುತ್ತಾನೆ.

ಬೌಲಿಂಗಿನ ಲೆಂಗ್ತ್, ಅಂದರೆ ಚೆಂಡು ಬೀಳುವ ದೂರ, ಕೂಡ ಬೇರೆ. ಹುಲ್ಲಿನ ಮೇಲೆ ಸ್ಟಂಪಿನಿಂದ ಆರೇಳು ಮೀಟರ್ ದೂರ ಬಿದ್ದ ಚೆಂಡು ಗುಡ್ ಲೆಂಗ್ತ್. ಮ್ಯಾಟ್ ಮೇಲೆ ಅಲ್ಲೇ ಹಾಕಿದರೆ ಚೆಂಡು ಸ್ಟಂಪಿನ ಮೇಲೆ ಹಾರಿ ಹೋಗುತ್ತದೆ. ಕನಿಷ್ಠ ಒಂದು ಗಜ ಮುಂದೆ ಹಾಕಬೇಕು. ಕೀಪರ್ ಮತ್ತು ಸ್ಲಿಪ್ ಎರಡು ಹೆಜ್ಜೆ ಹಿಂದೆ ನಿಲ್ಲಬೇಕು. ಬೈ ರನ್ನುಗಳು (ಬ್ಯಾಟಿಗೂ ಮೈಗೂ ತಾಗದೆ ಹೋದ ಚೆಂಡಿಗೆ ಓಡಿದವು) ಮ್ಯಾಟ್ ಪಂದ್ಯಗಳಲ್ಲಿ ಹೆಚ್ಚು ಹೋಗುವುದು ಕೀಪರನ ಕೈ ಕೆಟ್ಟದ್ದು ಅಂತಲ್ಲ, ಅವನು ನಿಂತ ಜಾಗ ತಪ್ಪು ಅಂತ. ಹೊಸ ಚೆಂಡಿನ ಹೊಳಪಂತೂ ಬೇಗ ಹೋಗುತ್ತದೆ, ನಾರು ಅದನ್ನು ಉಜ್ಜುಗಾಗದದಂತೆ ತಿಂದುಬಿಡುತ್ತದೆ. ಆಮೇಲೆ ಸ್ವಿಂಗ್ ನೆಚ್ಚಿಕೊಂಡವನಿಗೆ ಕೆಲಸವಿಲ್ಲ.

ಮ್ಯಾಟ್ ಹಾಸುವುದು

ಮೊದಲು ಅಳತೆಯ ಲೆಕ್ಕ. ಸ್ಟಂಪಿನಿಂದ ಸ್ಟಂಪಿಗೆ 22 ಗಜ, ಅಂದರೆ 66 ಅಡಿ. ಎರಡೂ ಕಡೆ ಸ್ಟಂಪಿನಿಂದ ಪಾಪಿಂಗ್ ಕ್ರೀಸಿಗೆ (ಬ್ಯಾಟ್ಸ್‌ಮನ್ ಮುಂದಿನ ಗೆರೆಗೆ) ನಾಲ್ಕು ನಾಲ್ಕು ಅಡಿ. ಕಳೆದರೆ 58. ಹುಲ್ಲಿಲ್ಲದ ಪಿಚ್‌ಗೆ ಕ್ರಿಕೆಟ್ ನಿಯಮಾವಳಿ ಹೇಳುವ ಕನಿಷ್ಠ ಉದ್ದವೂ 58 ಅಡಿಯೇ, ಕನಿಷ್ಠ ಅಗಲ 6 ಅಡಿ. ಅಂದರೆ ಒಂದು ಪಾಪಿಂಗ್ ಕ್ರೀಸಿನಿಂದ ಇನ್ನೊಂದಕ್ಕೆ ಮ್ಯಾಟ್ ಇದ್ದರೆ ಸಾಕು, ಸ್ಟಂಪ್ ಮಣ್ಣಿನಲ್ಲೇ ನಿಲ್ಲುತ್ತದೆ. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವುದು 66 ಅಡಿ ಉದ್ದ, 8 ಅಡಿ ಅಗಲದ್ದು. ನಾರಿನ ನೇಯ್ಗೆಗೆ ಕೇರಳದ ಆಲಪ್ಪುಳ ಹೆಸರುವಾಸಿ. ತಿಪಟೂರು, ಅರಸೀಕೆರೆ ಕಡೆ ತೆಂಗು ಸಮೃದ್ಧವಾಗಿದ್ದರೂ ಮ್ಯಾಟ್ ಅಂದರೆ ಕೇರಳದ್ದು ಅನ್ನುವ ಮಾತು ಉಳಿದುಕೊಂಡಿದೆ.

58 ಮತ್ತು 66ರ ನಡುವಿನ ಆಯ್ಕೆ ಬೌಲರನ ಪಾದಕ್ಕೆ ಸಂಬಂಧಿಸಿದ್ದು. ಉದ್ದದ ಮ್ಯಾಟ್‌ನಲ್ಲಿ ಬೌಲರನ ಮುಂಗಾಲು ಮ್ಯಾಟ್ ಮೇಲೇ ಇಳಿಯುತ್ತದೆ. ಮೊಳೆಯಿರುವ ಶೂ ನಾರನ್ನು ಹರಿಯುವುದರಿಂದ ರಬ್ಬರ್ ಸೋಲ್ ಹಾಕಬೇಕು, ಬೆಳಗಿನ ಇಬ್ಬನಿಯಲ್ಲಿ ರಬ್ಬರ್ ಜಾರುತ್ತದೆ. ಗಿಡ್ಡ ಮ್ಯಾಟ್‌ನಲ್ಲಿ ಹಿಂಗಾಲು ಮಣ್ಣಿನ ಮೇಲೆ, ಮುಂಗಾಲು ಸರಿಯಾಗಿ ಮ್ಯಾಟಿನ ಅಂಚಿನ ಮೇಲೆ. ಹತ್ತು ಓವರ್ ಆಗುವಷ್ಟರಲ್ಲಿ ಅಂಚಿನ ಹಿಂದಿನ ಮಣ್ಣು ಕುಳಿ ಬೀಳುತ್ತದೆ, ಅಂಚು ಮೆಟ್ಟಿಲಿನಂತಾಗುತ್ತದೆ, ಪಾದ ಹೊರಳುತ್ತದೆ. ನನ್ನನ್ನು ಕೇಳಿದರೆ 66ರದೇ ವಾಸಿ. ಜಾರುವುದನ್ನು ಒಣ ಗೋಣಿಚೀಲದಿಂದ ಮ್ಯಾಟ್ ಒರೆಸಿ ತಡೆಯಬಹುದು. ಹೊರಳಿದ ಪಾದಕ್ಕೆ ಅಂಥ ಸುಲಭದ ಉಪಾಯವಿಲ್ಲ.

ನೆಲದ ತಯಾರಿ ಹಿಂದಿನ ಸಂಜೆಯೇ ಆಗಬೇಕು. ಕಲ್ಲು ಆರಿಸಿ, ಪೊರಕೆಯಲ್ಲಿ ಗುಡಿಸಿ, ಕುಳಿಗಳಿಗೆ ಜರಡಿ ಹಿಡಿದ ಕೆಮ್ಮಣ್ಣು ತುಂಬಿ, ತೆಳುವಾಗಿ ನೀರು ಚಿಮುಕಿಸಿ, ಮಣ್ಣು ಕೈಗೆ ಅಂಟದಷ್ಟು ಆರಿದ ಮೇಲೆ ರೋಲರ್ ಎಳೆಯಬೇಕು. ಹಸಿ ಇರುವಾಗಲೇ ರೋಲರ್ ಹಾಕಿದರೆ ಮಣ್ಣು ಎದ್ದು ರೋಲರಿಗೇ ಮೆತ್ತಿಕೊಳ್ಳುತ್ತದೆ. ಪೂರ್ತಿ ಒಣಗಿದ ಮೇಲೆ ಹಾಕಿದರೆ ರೋಲರ್ ಸುಮ್ಮನೆ ಮೇಲೆ ಓಡಾಡುತ್ತದೆ, ನೆಲ ಕೂರುವುದಿಲ್ಲ. ತುಂಬಿದ ಮಣ್ಣು ಸಡಿಲವಾಗಿ ಉಳಿದರೆ ಮ್ಯಾಟ್ ಅದನ್ನು ಮುಚ್ಚುತ್ತದೆಯೇ ಹೊರತು ಸರಿಪಡಿಸುವುದಿಲ್ಲ. ಅದೇ ಜಾಗದಲ್ಲಿ ಬಿದ್ದ ಚೆಂಡು ಸತ್ತಂತೆ ತಗ್ಗುತ್ತದೆ, ಪಕ್ಕದಲ್ಲಿ ಬಿದ್ದದ್ದು ಗಲ್ಲಕ್ಕೆ ಬರುತ್ತದೆ. ಕೆಲವು ಕಡೆ ಕೆಳಗೆ ಕಾಂಕ್ರೀಟ್ ಹಾಕಿಸಿರುತ್ತಾರೆ. ಅಲ್ಲಿ ಪುಟಿತ ಒಂದೇ ಸಮ, ಆದರೆ ಬೌಲರುಗಳ ಹಿಮ್ಮಡಿ ಮತ್ತು ಮೊಣಕಾಲು ಅದರ ಬೆಲೆ ತೆರುತ್ತವೆ. ಕಾಂಕ್ರೀಟಿಗೆ ಮೊಳೆ ಇಳಿಯುವುದಿಲ್ಲವಾದ್ದರಿಂದ ಅಂಚಿನ ಉದ್ದಕ್ಕೂ ಮಣ್ಣಿನ ಪಟ್ಟಿ ಬಿಟ್ಟಿರಬೇಕು, ಇಲ್ಲವೆ ಕೊಕ್ಕೆಗಳನ್ನು ಹೂತಿರಬೇಕು.

ಬೆಳಿಗ್ಗೆ ಮ್ಯಾಟ್ ತರುವುದಕ್ಕೆ ನಾಲ್ಕೈದು ಜನ ಬೇಕು. ಪಿಚ್‌ನ ಮಧ್ಯರೇಖೆಗೆ ಸ್ಟಂಪಿನಿಂದ ಸ್ಟಂಪಿಗೆ ದಾರ ಕಟ್ಟಿ, ಅದನ್ನು ನೋಡಿಕೊಂಡು ಸುರುಳಿ ಬಿಚ್ಚಬೇಕು. ಕಣ್ಣಂದಾಜಿನಲ್ಲಿ ಬಿಚ್ಚಿದರೆ ಆ ತುದಿ ತಲುಪುವಷ್ಟರಲ್ಲಿ ಅರ್ಧ ಅಡಿ ಸೊಟ್ಟಗಾಗಿರುತ್ತದೆ, ಇಡೀ ಮ್ಯಾಟ್ ಎತ್ತಿ ಮತ್ತೆ ಶುರು ಮಾಡಬೇಕು. ಮೊದಲು ಒಂದು ತುದಿಗೆ ಪೂರ್ತಿ ಮೊಳೆ. ಆರಿಂಚಿನ ಮೊಳೆ, ಅದಕ್ಕೆ ಅಗಲ ವಾಷರ್. ವಾಷರ್ ಇಲ್ಲದಿದ್ದರೆ ಮೊಳೆಯ ತಲೆ ಅಂಚಿನ ಕಣ್ಣಿನೊಳಗೆ (ಮೊಳೆ ಹೊಡೆಯಲು ಬಿಟ್ಟ ತೂತಿನೊಳಗೆ) ತೂರಿ ಹೋಗುತ್ತದೆ. ಮೊಳೆಯನ್ನು ನೆಟ್ಟಗೆ ಹೊಡೆಯಬಾರದು, ತಲೆ ಹೊರಕ್ಕೆ ವಾಲಿರಬೇಕು. ಟೆಂಟಿನ ಗೂಟದ ಲೆಕ್ಕವೇ ಇಲ್ಲಿಯೂ.

ಆಮೇಲೆ ಇನ್ನೊಂದು ತುದಿಯ ಕಣ್ಣುಗಳಿಗೆ ಹಗ್ಗ ಪೋಣಿಸಿ, ಹಗ್ಗವನ್ನು ಒಂದು ಗಟ್ಟಿ ಬಿದಿರಿಗೆ ಸುತ್ತಿ, ಮೂರು ನಾಲ್ಕು ಜನ ಹಿಂದಕ್ಕೆ ವಾಲಿ ಎಳೆಯಬೇಕು. ಬಿದಿರು ಇಲ್ಲದೆ ಕೈಯಲ್ಲೇ ಎಳೆದರೆ ಒಬ್ಬೊಬ್ಬರ ಬಲ ಒಂದೊಂದು ಥರ. ಮೂಲೆಗಳು ಬಿಗಿದು ನಡು ಸಡಿಲವಾಗುತ್ತದೆ. ಎಳೆದು ಹಿಡಿದಿರುವಾಗಲೇ ಇನ್ನೊಬ್ಬ ಆ ತುದಿಗೆ ಮೊಳೆ ಇಳಿಸಬೇಕು. ಬದಿಗಳ ಸರದಿ ಕೊನೆಗೆ. ನಡುವಿನಿಂದ ಶುರು ಮಾಡಿ, ಎಡಕ್ಕೊಂದು ಬಲಕ್ಕೊಂದು ಎದುರು ಬದುರು ಹೊಡೆಯುತ್ತ ತುದಿಗಳ ಕಡೆ ಸಾಗಬೇಕು. ಒಂದೇ ಬದಿಯನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ಸುಕ್ಕು ಖಂಡಿತ. ಮೂರು ಅಡಿಗೊಂದು ಅಂದರೆ ಬದಿಗೆ 23, ಎರಡು ಬದಿಗೆ 46. ತುದಿಗಳ ನಡುವೆ ನಾಲ್ಕು ನಾಲ್ಕು ಸೇರಿಸಿದರೆ 54 ಮೊಳೆ.

ಬಿಗಿ ಎಷ್ಟಿರಬೇಕು? ಮ್ಯಾಟಿನ ನಡುವೆ ಎರಡು ಬೆರಳಲ್ಲಿ ಚಿವುಟಿ ಎತ್ತಿ ನೋಡಬೇಕು. ಒಂದು ಇಂಚಿಗಿಂತ ಹೆಚ್ಚು ಎದ್ದರೆ ಸಡಿಲ. ಆಮೇಲೆ ಗುಡ್ ಲೆಂಗ್ತ್ ಜಾಗಗಳಲ್ಲಿ ಚೆಂಡನ್ನು ಎದೆಯೆತ್ತರದಿಂದ ಬಿಟ್ಟು ಸದ್ದು ಕೇಳಬೇಕು. 'ಟಕ್' ಅಂದರೆ ಸರಿ, 'ಡುಬ್' ಅಂದರೆ ಕೆಳಗೆ ಟೊಳ್ಳಿದೆ ಅಥವಾ ಮಣ್ಣು ಕೂತಿಲ್ಲ.

ಇಲ್ಲೇ ಲೀಗಿನ ಹಳೆಯ ಚಾಲಾಕಿತನ ಇರುವುದು. ಬಿಗಿಯಾದ ಮ್ಯಾಟ್ ಮೇಲೆ ಚೆಂಡು ವೇಗವಾಗಿ, ಎತ್ತರಕ್ಕೆ ಬರುತ್ತದೆ. ಸಡಿಲ ಮ್ಯಾಟ್ ಚೆಂಡನ್ನು ಒಂದು ಕ್ಷಣ ಹಿಡಿದಿಟ್ಟುಕೊಂಡು ಬಿಡುತ್ತದೆ, ಆಗ ತಿರುವು ಹೆಚ್ಚು, ವೇಗ ಕಡಿಮೆ. ಮ್ಯಾಟ್ ಹಾಸುವ ಹೊಣೆ ಹೊತ್ತ ತಂಡದಲ್ಲಿ ಇಬ್ಬರು ಒಳ್ಳೆಯ ಸ್ಪಿನ್ನರ್ ಇದ್ದರೆ ಆ ದಿನ ಬಿದಿರು ಎಳೆಯುವವರ ಕೈ ಯಾಕೋ ಸೋತಂತಿರುತ್ತದೆ. ಪಂದ್ಯಕ್ಕೆ ಮುಂಚೆ ಪಿಚ್ ತಯಾರಿ ಮೈದಾನದವರ ಜವಾಬ್ದಾರಿ, ಪಂದ್ಯ ಶುರುವಾದ ಮೇಲೆ ಅದರ ನಿಗಾ ಅಂಪೈರುಗಳದು. ಹಾಗಾಗಿ ತಕರಾರು ಇದ್ದರೆ ಟಾಸ್‌ಗೆ ಮುಂಚೆ ಎತ್ತಬೇಕು, ಎರಡೂ ನಾಯಕರು ಒಟ್ಟಿಗೆ ಮ್ಯಾಟ್ ಮೇಲೆ ನಡೆದು ನೋಡಬೇಕು. ಎಂಟು ವಿಕೆಟ್ ಬಿದ್ದ ಮೇಲೆ ಮ್ಯಾಟ್ ಸಡಿಲ ಇತ್ತು ಅಂದರೆ ಯಾರೂ ಕಿವಿಗೊಡುವುದಿಲ್ಲ.

ಒಂದೇ ತುಂಡಿನ ಮ್ಯಾಟ್ ಇಲ್ಲದೆ 33 ಅಡಿಯ ಎರಡು ತುಂಡು ಇದ್ದರೆ ಜೋಡಣೆ ಪಿಚ್‌ನ ನಟ್ಟನಡುವೆ ಬರುತ್ತದೆ. ಅದು ಒಳ್ಳೆಯದೇ, ಅಷ್ಟು ಗಿಡ್ಡಕ್ಕೆ ಬೌನ್ಸರ್ ಬಿಟ್ಟರೆ ಬೇರೇನೂ ಬೀಳುವುದಿಲ್ಲ. ಆದರೆ ಹರಿದ ತುದಿ ಕತ್ತರಿಸಿ ಗಿಡ್ಡವಾದ ತುಂಡಿಗೆ ಇನ್ನೊಂದು ಚೂರು ಸೇರಿಸಿದಾಗ ಜೋಡಣೆ ಗುಡ್ ಲೆಂಗ್ತ್‌ಗೆ ಬಂದು ಕೂರುತ್ತದೆ. ಅಂಥ ಮ್ಯಾಟ್ ಮೇಲೆ ಪಂದ್ಯ ಆಡಿಸಲೇಬಾರದು, ನೆಟ್ಸ್‌ಗೆ ಕೊಡಬೇಕು. ಸಣ್ಣ ತೂತು ಬಿದ್ದರೆ ದಬ್ಬಳ, ಸುತಳಿ ಹಿಡಿದು ನೇಯ್ಗೆಯ ಜಾಡಿನಲ್ಲೇ ಹೊಲಿಯಬೇಕು. ಮೇಲೆ ತೇಪೆ ಇಟ್ಟು ಹೊಲಿದರೆ ತೇಪೆಯ ಅಂಚಿಗೆ ಬಡಿದ ಚೆಂಡು ಎಲ್ಲಿಗೆ ಹೋಗುತ್ತದೆ ಅಂತ ಹೇಳಲಾಗದು.

ಕ್ರೀಸಿನ ಗೆರೆಯ ಬಗ್ಗೆ ಒಂದು ಎಚ್ಚರಿಕೆ. ನಾರಿನ ಮೇಲೆ ಸುಣ್ಣ ನಿಲ್ಲುವುದಿಲ್ಲವಾದ್ದರಿಂದ ಬಿಳಿ ಪೇಂಟಿನಲ್ಲಿ ಗೆರೆ ಎಳೆದುಬಿಡುತ್ತಾರೆ. ಮ್ಯಾಟ್ ವಾರವಾರ ಎಳೆಸಿಕೊಂಡು ಎರಡು ಮೂರು ಋತುಗಳಲ್ಲಿ ಉದ್ದವಾಗುತ್ತದೆ. ಗೆರೆಯೂ ಅದರ ಜೊತೆ ಸರಿಯುತ್ತದೆ. ನಾಲ್ಕು ಅಡಿ ಇರಬೇಕಾದ ಜಾಗ ಮೂರೂಮುಕ್ಕಾಲೋ ನಾಲ್ಕೂಕಾಲೋ ಆಗಿರುತ್ತದೆ. ರನ್‌ಔಟ್, ಸ್ಟಂಪಿಂಗ್, ನೋಬಾಲ್ ಎಲ್ಲ ನಿಂತಿರುವುದು ಆ ಗೆರೆಯ ಮೇಲೆ. ಪ್ರತಿ ಪಂದ್ಯಕ್ಕೂ ಸ್ಟಂಪ್ ನೆಟ್ಟು ಟೇಪ್ ಹಿಡಿದು ಅಳೆಯಬೇಕು, ತಪ್ಪಿದ್ದರೆ ಹಳೆಯ ಗೆರೆಗೆ ಕರಿ ಬಣ್ಣ ಬಳಿದು ಹೊಸದು ಎಳೆಯಬೇಕು.

ಮಧ್ಯಾಹ್ನದ ಹೊತ್ತಿಗೆ ಇಬ್ಬನಿಯ ತೇವ ಆರಿ ನಾರು ಸಡಿಲವಾಗುತ್ತದೆ, ನೆಲ ಒಣಗಿ ಮೊಳೆಗಳೂ ಅಲುಗುತ್ತವೆ. ಊಟದ ವಿರಾಮದಲ್ಲಿ ಸುತ್ತಿಗೆ ಹಿಡಿದು ಒಂದು ಸುತ್ತು ಬರಲೇಬೇಕು. ಎರಡನೇ ಇನಿಂಗ್ಸ್‌ನಲ್ಲಿ ಚೆಂಡು ಇದ್ದಕ್ಕಿದ್ದಂತೆ ತಿರುಗತೊಡಗಿತು ಅಂದಾಗ ಪಿಚ್ ಒಡೆಯಿತು ಅನ್ನುವವರಿದ್ದಾರೆ. ಮ್ಯಾಟ್ ಒಡೆಯುವುದಿಲ್ಲ ಸ್ವಾಮಿ, ಸಡಿಲಾಗುತ್ತದೆ.

ಅಂಕಪಟ್ಟಿಯ ಜಗಳ

ಲೀಗಿನಲ್ಲಿ ಮ್ಯಾಟ್ ಬಿಟ್ಟರೆ ಹೆಚ್ಚು ಜಗಳ ಆಗುವುದು ಸ್ಕೋರ್ ಪುಸ್ತಕದ ಮೇಲೆ. ನಿಯಮದ ಪ್ರಕಾರ ಇಬ್ಬರು ಸ್ಕೋರರ್ ಇರಬೇಕು, ಆಗಾಗ ಪರಸ್ಪರ ತಾಳೆ ನೋಡಬೇಕು. ತಾಳೆಗೆ ಎರಡು ದಾರಿ. ಬ್ಯಾಟ್ಸ್‌ಮನ್‌ಗಳ ರನ್ 168, ಬೈ 4, ಲೆಗ್ ಬೈ 3, ವೈಡ್ 7, ನೋಬಾಲ್ 2 ಅಂದರೆ ಒಟ್ಟು 184. ಬೌಲರುಗಳ ಖಾತೆಗೆ ಬೈ, ಲೆಗ್ ಬೈ ಬರುವುದಿಲ್ಲ. ಆದ್ದರಿಂದ ಬೌಲಿಂಗ್ ಕಡೆಯ ಮೊತ್ತ 177 ಇರಬೇಕು. ಇಲ್ಲದಿದ್ದರೆ ಎಲ್ಲೋ ಒಂದು ಲೆಗ್ ಬೈ ಬೌಲರನ ತಲೆಗೆ ಬಿದ್ದಿದೆ ಅಥವಾ ಬ್ಯಾಟ್ಸ್‌ಮನ್ ಹೆಸರಿಗೆ ಹೋಗಿದೆ. ಇನಿಂಗ್ಸ್ ಮುಗಿದ ಕೂಡಲೇ ನೋಡಿದರೆ ಐದು ನಿಮಿಷದ ಕೆಲಸ.

ಅಂಕ ಸಮನಾದಾಗ ರನ್‌ರೇಟ್ (ಓವರಿಗೆ ಸರಾಸರಿ ರನ್) ಬರುತ್ತದೆ, ತಪ್ಪುಗಳೂ ಬರುತ್ತವೆ. ಒಂದು ಉದಾಹರಣೆ: 50 ಓವರ್ ಪಂದ್ಯದಲ್ಲಿ ಮೊದಲು ಆಡಿದ ತಂಡ 38.2 ಓವರಿಗೆ 180ಕ್ಕೆ ಆಲೌಟ್. ಎದುರಾಳಿ 42.3 ಓವರಿನಲ್ಲಿ 181 ಹೊಡೆದು ಗೆದ್ದಿತು. ಆಲೌಟ್ ಆದ ತಂಡಕ್ಕೆ ಪೂರ್ತಿ 50 ಓವರ್ ಹಿಡಿಯಬೇಕು, 180ನ್ನು 50ರಿಂದ ಭಾಗಿಸಿದರೆ 3.60. ಅದನ್ನು ಮರೆತು 38.2 ಹಾಕಿದರೆ 4.70 ಬರುತ್ತದೆ. ಸೋತವರ ರನ್‌ರೇಟ್ ಗೆದ್ದವರದ್ದಕ್ಕಿಂತ ಮೇಲೆ ಹೋಗುತ್ತದೆ! ಇನ್ನು 42.3 ಅಂದರೆ ನಲವತ್ತೆರಡೂವರೆ ಓವರ್, ಕ್ಯಾಲ್ಕುಲೇಟರಿಗೆ 42.5 ಕೊಡಬೇಕು. ಆಗ 4.26. ಹಾಗೇ 42.3 ಒತ್ತಿದರೆ 4.28. ಬರೀ 0.02ರ ವ್ಯತ್ಯಾಸ ಅಂತ ನಗಬಾರದು, ಮೇಲಿನ ಡಿವಿಷನ್‌ಗೆ ಹೋಗುವುದು, ಕೆಳಗೆ ಬೀಳುವುದು ಕೆಲವೊಮ್ಮೆ ಅಷ್ಟರಲ್ಲೇ ತೀರ್ಮಾನವಾಗುತ್ತದೆ.

ಮೂರನೇ ತಪ್ಪು ಸರಾಸರಿಗಳ ಸರಾಸರಿ ತೆಗೆಯುವುದು. ಒಂದು ಪಂದ್ಯದಲ್ಲಿ 50 ಓವರಿಗೆ 250, ಇನ್ನೊಂದರಲ್ಲಿ 9 ಓವರಿಗೆ 81. ಐದು ಮತ್ತು ಒಂಬತ್ತರ ನಡು ಏಳು ಅಂತ ಬರೆದರೆ ತಪ್ಪು. ಒಟ್ಟು 331 ರನ್ನನ್ನು ಒಟ್ಟು 59 ಓವರಿನಿಂದ ಭಾಗಿಸಬೇಕು, 5.61. ಕಾರ್ಯದರ್ಶಿ ಆದವರು ಋತುವಿನ ಮೊದಲ ದಿನವೇ ರನ್ ಮತ್ತು ಚೆಂಡುಗಳ ಎರಡು ಕಾಲಂ ಹಾಕಿಕೊಂಡು, ಓವರ್ ಬದಲು ಚೆಂಡುಗಳನ್ನೇ ಕೂಡಿಸುತ್ತ ಬಂದರೆ ಕೊನೆಯ ವಾರದ ತಲೆನೋವು ಇಲ್ಲ.

ಅಂಪೈರುಗಳ ಮಾತು ಬಂದಾಗ ಈ ಲೀಗ್ ವ್ಯವಸ್ಥೆ ಆಟಗಾರರನ್ನಷ್ಟೇ ಕೊಟ್ಟಿಲ್ಲ ಅನ್ನುವುದು ನೆನಪಿರಲಿ. ಎಂ.ಜಿ. ವಿಜಯಸಾರಥಿ, ಅವರ ಮಗ ಎಂ.ವಿ. ನಾಗೇಂದ್ರ ಇಬ್ಬರೂ ಟೆಸ್ಟ್ ಅಂಪೈರುಗಳು. 1999ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ಕುಂಬ್ಳೆ ಒಂದೇ ಇನಿಂಗ್ಸ್‌ನಲ್ಲಿ ಹತ್ತೂ ವಿಕೆಟ್ ತೆಗೆದಾಗ ಮೈದಾನದಲ್ಲಿದ್ದ ಅಂಪೈರುಗಳಲ್ಲಿ ಒಬ್ಬರು ಎ.ವಿ. ಜಯಪ್ರಕಾಶ್, ಕರ್ನಾಟಕದ ಪರ ಆಡಿದವರು.

ಕ್ಲಬ್ಬುಗಳನ್ನು ನಡೆಸಿದ್ದು ಚಂದಾ ಹಣ, ಆಟಗಾರರ ಹೊಟ್ಟೆ ತುಂಬಿಸಿದ್ದು ಬಹುಮಟ್ಟಿಗೆ ಬ್ಯಾಂಕುಗಳು ಮತ್ತು ಸರ್ಕಾರಿ ಕಾರ್ಖಾನೆಗಳು. ವಿಶ್ವನಾಥ್ ಸ್ಟೇಟ್ ಬ್ಯಾಂಕಿನಲ್ಲಿದ್ದರು, ವೆಂಕಟೇಶ್ ಪ್ರಸಾದ್ ಕೆನರಾ ಬ್ಯಾಂಕಿನಲ್ಲಿ. ನೌಕರಿ ಕೊಡುವ ಸಂಸ್ಥೆಯ ತಂಡ ಒಂದು ಕಡೆ, ಬೀದಿಯ ಹುಡುಗರು ಸೇರಿ ಕಟ್ಟಿದ ಕ್ಲಬ್ ಇನ್ನೊಂದು ಕಡೆ, ಒಂದೇ ಮ್ಯಾಟ್ ಮೇಲೆ. ಲೀಗಿನ ಸೊಗಸೇ ಅದು. ಕೆಎಸ್‌ಸಿಎ ಚುನಾವಣೆಯಲ್ಲಿ ಸದಸ್ಯ ಕ್ಲಬ್ಬುಗಳಿಗೆ ಮತ ಇರುವುದರಿಂದ ಆಟಕ್ಕಿಂತ ಮತಕ್ಕಾಗಿಯೇ ಹೆಸರು ಉಳಿಸಿಕೊಂಡ ಕ್ಲಬ್ಬುಗಳ ಬಗ್ಗೆ ಗೊಣಗಾಟವೂ ಹಳೆಯದೇ.

ಈಗ ಚಿತ್ರ ಬದಲಾಗಿದೆ. ಬೆಂಗಳೂರಿನ ಹೊರವಲಯದ ಆಲೂರು, ಹುಬ್ಬಳ್ಳಿಯ ರಾಜನಗರ, ಶಿವಮೊಗ್ಗದ ನವುಲೆ, ಬೆಳಗಾವಿ ಇಲ್ಲೆಲ್ಲ ಟರ್ಫ್ ಮೈದಾನಗಳು ಬಂದಿವೆ. 2009ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಬಂತು, 2022ರಿಂದ ಮಹಾರಾಜ ಟ್ರೋಫಿ ನಡೆಯುತ್ತಿದೆ. ದೀಪದ ಬೆಳಕು, ಟಿವಿ, ಹರಾಜು. ಹುಡುಗರು ಬೇಗನೇ ಟರ್ಫ್ ಮೇಲೆ ಆಡುವುದು ಒಳ್ಳೆಯದೇ, ಇದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಕಳಪೆ ಟರ್ಫಿಗಿಂತ ಚೆನ್ನಾಗಿ ಎಳೆದ ಮ್ಯಾಟ್ ಸಾವಿರ ಪಾಲು ವಾಸಿ. ನೀರು ಕಾಣದ, ರೋಲರ್ ಕಾಣದ 'ಟರ್ಫ್' ಮೇಲೆ ಹದಿನಾಲ್ಕರ ಹುಡುಗನಿಗೆ ಹಿಂಗಾಲಿನ ಆಟ ಕಲಿಸಲು ಆಗುವುದಿಲ್ಲ, ಅವನು ಕಲಿಯುವುದು ಹೆದರುವುದನ್ನು ಮಾತ್ರ. ಜಿಲ್ಲೆಗಳಲ್ಲಿ ಕ್ಲಬ್ ನಡೆಸುವವರು ಟರ್ಫ್ ಬರುವವರೆಗೆ ಮ್ಯಾಟನ್ನು ಸರಿಯಾಗಿ ಇಟ್ಟುಕೊಳ್ಳುವುದೇ ಮೇಲು.

ಇಟ್ಟುಕೊಳ್ಳುವುದು ಅಂದರೆ ಸಂಜೆಯ ಕೆಲಸ. ಮ್ಯಾಟನ್ನು ರಾತ್ರಿ ನೆಲದಲ್ಲೇ ಬಿಟ್ಟರೆ ಕೆಳಗಿನ ತೇವ ಹೀರಿಕೊಳ್ಳುತ್ತದೆ, ಗೆದ್ದಲು ಹತ್ತುತ್ತದೆ. ಮಳೆ ಬಂದು ನೆನೆದಿದ್ದರೆ ಹಾಗೇ ಸುತ್ತಬಾರದು, ಸುರುಳಿಯ ಒಳಗಡೆ ಬೂಸಲು ಹಿಡಿದು ಒಂದೇ ಮಳೆಗಾಲದಲ್ಲಿ ನಾರು ಪುಡಿಯಾಗುತ್ತದೆ. ಬೇಲಿಯ ಮೇಲೋ ಗ್ಯಾಲರಿಯ ಮೆಟ್ಟಿಲ ಮೇಲೋ ಹರಡಿ ಎರಡೂ ಮೈ ಒಣಗಿಸಬೇಕು. ಒಣಗಿದ ಮೇಲೆ ಕೆಳಮೈಯ ಮಣ್ಣನ್ನು ಕೋಲಿನಿಂದ ಬಡಿದು ಉದುರಿಸಿ, ಬಿದಿರಿಗೆ ಬಿಗಿಯಾಗಿ ಸುತ್ತಿ, ಎರಡು ಕಡೆ ಇಟ್ಟಿಗೆ ಇಟ್ಟು ನೆಲ ಬಿಟ್ಟು ಮೇಲಿಡಬೇಕು. ಮಡಚಿ ಇಟ್ಟರೆ ಮಡಿಕೆಯ ಗೆರೆ ಉಳಿದುಬಿಡುತ್ತದೆ, ಅದು ಯಾವ ಎಳೆತಕ್ಕೂ ಹೋಗುವುದಿಲ್ಲ. ಅಂಚಿನ ಕ್ಯಾನ್ವಾಸ್ ಪಟ್ಟಿಯಲ್ಲಿ ಕಿತ್ತ ಕಣ್ಣು ಇದ್ದರೆ ಅಂದೇ ಗುರುತು ಹಾಕಿ ಇಡಬೇಕು, ಮುಂದಿನ ವಾರ ಎಳೆಯುವಾಗ ನೆನಪಾದರೆ ಪ್ರಯೋಜನವಿಲ್ಲ.

ಕೊನೆಗೆ ಮೊಳೆ ಎಣಿಸುವುದು. ಬೆಳಿಗ್ಗೆ 54 ಹೊಡೆದಿದ್ದರೆ ಸಂಜೆ ಡಬ್ಬಿಯಲ್ಲಿ 54 ಇರಬೇಕು. ಒಂದು ಕಡಿಮೆ ಬಂದರೂ ಮೂರು ಮೂರು ಅಡಿಗೆ ಕಾಲಲ್ಲಿ ಉಜ್ಜುತ್ತ ಹುಡುಕಬೇಕು, ಕತ್ತಲಾಗಿದ್ದರೆ ಟಾರ್ಚ್ ಹಿಡಿದು. ನಾಳೆ ಬೆಳಿಗ್ಗೆ ಅದೇ ಮೈದಾನದಲ್ಲಿ ಬರಿಗಾಲಿನ ಮಕ್ಕಳು ಓಡುತ್ತಾರೆ.